ಜೋಡಿ ಕಾರ್ಬ್ಯುರೇಟರಿನ ಶ್ರುತಿ

ಕಾರಿನ ರಿಪೇರಿಯನ್ನು ಬಾನುಲಿಯಲ್ಲಿ ಹೇಳುವುದುಂಟೇ ಎಂದು ಕೆಲವರಿಗೆ ಅನಿಸಬಹುದು. ಗೇರ್‌ಬಾಕ್ಸ್ ಬಿಚ್ಚುವುದನ್ನಾದರೆ ಹೇಳಲು ಕಷ್ಟ. ಅದನ್ನು ಕಣ್ಣಾರೆ ನೋಡಬೇಕು. ಕಾರ್ಬ್ಯುರೇಟರ್ ಟ್ಯೂನ್ ಮಾಡುವುದು ಮಾತ್ರ ಬಹುಪಾಲು ಕಿವಿಯ ಕೆಲಸ. ಆದ್ದರಿಂದ ಈ ಹೊತ್ತು ಬ್ರಿಟನ್ನಿನ ಒಂದು ಹಳೆಯ ಸ್ಪೋರ್ಟ್ಸ್ ಕಾರನ್ನು ಮುಂದಿಟ್ಟುಕೊಂಡು ಎರಡು ಪ್ರಶ್ನೆ ಎತ್ತಿಕೊಳ್ಳುತ್ತೇನೆ. ಅದಕ್ಕೆ ಯಾವ ಕಾರ್ಬ್ಯುರೇಟರ್ ಹಾಕಬೇಕು? ಹಾಕಿದ್ದನ್ನು ಹದಕ್ಕೆ ತರುವುದು ಹೇಗೆ?

ನಾನು ಆರಿಸಿಕೊಂಡಿರುವುದು ಎಂಜಿಬಿ ಕಾರನ್ನು. ಇಂಗ್ಲೆಂಡಿನ ಆಬಿಂಗ್ಡನ್ ಎಂಬ ಊರಿನಲ್ಲಿ 1962ರಿಂದ 1980ರವರೆಗೆ ತಯಾರಾದ ಕಾರು ಇದು. ಐದು ಲಕ್ಷಕ್ಕೂ ಹೆಚ್ಚು ಹೊರಬಂದವು. ಅದರ 1798 ಸಿಸಿ ಎಂಜಿನ್ ಬಿ-ಸೀರೀಸ್ ಎಂಬ ದೊಡ್ಡ ಮನೆತನಕ್ಕೆ ಸೇರಿದ್ದು. ಈ ಮನೆತನ ನಮಗೂ ಹೊಸದಲ್ಲ. ನಮ್ಮ ತಾಲ್ಲೂಕು ಕಚೇರಿಗಳ ಮುಂದೆ, ರೈಲ್ವೆ ಸ್ಟೇಷನ್ನಿನ ಟ್ಯಾಕ್ಸಿ ಸಾಲಿನಲ್ಲಿ ನಿಲ್ಲುತ್ತಿದ್ದ ಹಳೆಯ ಅಂಬಾಸಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ ಕೂಡ ಬಿ-ಸೀರೀಸೇ. ಎಂಜಿಬಿಗಿಂತ ಹಿಂದಿನ ಎಂಜಿಎ 1955ರಲ್ಲಿ ಮಾರುಕಟ್ಟೆಗೆ ಬಂದಾಗ ಅದರಲ್ಲಿದ್ದದ್ದು ಇದೇ 1489 ಸಿಸಿ ಅಳತೆಯ ಎಂಜಿನ್. ಒಂದು ಸಂಸಾರವಂದಿಗರ ಕಾರಾಯಿತು, ಇನ್ನೊಂದು ಓಟದ ಕಾರಾಯಿತು. ಕಂಪ್ರೆಷನ್ ಬೇರೆ, ಕ್ಯಾಮ್ ಬೇರೆ ಎಂಬುದು ನಿಜ. ಆದರೆ ಎಂಜಿಎಯ ಬಾನೆಟ್ ಎತ್ತಿದವರಿಗೆ ಮೊದಲು ಕಾಣುತ್ತಿದ್ದ ವ್ಯತ್ಯಾಸವೆಂದರೆ, ಒಂದು ಕಾರ್ಬ್ಯುರೇಟರ್ ಇರಬೇಕಾದಲ್ಲಿ ಅಕ್ಕಪಕ್ಕ ಎರಡು ಇದ್ದವು. ಎಂಜಿಬಿಗೂ ಅದೇ ಜೋಡಿ ಬಂತು.

ಎಂಜಿಬಿ ತನ್ನ ಪೂರ್ಣ ಶಕ್ತಿಯಾದ 95 ಅಶ್ವಶಕ್ತಿಯನ್ನು ಕೊಡುವುದು ನಿಮಿಷಕ್ಕೆ 5400 ಸುತ್ತಿನಲ್ಲಿ. ಆ ವೇಗದಲ್ಲಿ ಅದರ ನಾಲ್ಕು ಸಿಲಿಂಡರುಗಳು ಪೂರ್ತಿ ತುಂಬಿದ್ದೇ ಆದರೆ ನಿಮಿಷಕ್ಕೆ ಸುಮಾರು 4800 ಲೀಟರ್ ಗಾಳಿ ಎಳೆದುಕೊಳ್ಳುತ್ತವೆ. ಅಷ್ಟು ಗಾಳಿಗೆ ಬೇಕಾಗುವ ಪೆಟ್ರೋಲ್ ಹೆಚ್ಚುಕಡಿಮೆ ಅರ್ಧ ಲೀಟರ್. ಅದೇ ಎಂಜಿನ್ ಸಿಗ್ನಲ್ಲಿನಲ್ಲಿ ನಿಂತು ಗುರುಗುಟ್ಟುವಾಗ ಇದರಲ್ಲಿ ಒಂದು ಸಣ್ಣ ಪಾಲು ಸಾಕು. ಎರಡು ಸ್ಥಿತಿಯಲ್ಲೂ ಗಾಳಿ ಮತ್ತು ಪೆಟ್ರೋಲಿನ ತೂಕದ ಪ್ರಮಾಣ ಕೈತಪ್ಪಬಾರದು. ಪೂರ್ತಿ ಸುಡಲು ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು; ಹೆಚ್ಚಿನ ಶಕ್ತಿ ಬೇಕಾದಾಗ ಗಾಳಿಯನ್ನು ಹನ್ನೆರಡೂವರೆ, ಹದಿಮೂರಕ್ಕೆ ಇಳಿಸಬೇಕು. ಯಾವ ಕಂಪ್ಯೂಟರೂ ಇಲ್ಲದೆ, ಒಂದು ವೈರೂ ಇಲ್ಲದೆ, ಹಿತ್ತಾಳೆ ಮತ್ತು ಅಲ್ಯುಮಿನಿಯಮ್ಮಿನ ಕೆಲವೇ ಭಾಗಗಳಿಂದ ಇದನ್ನು ಸಾಧಿಸಿದ್ದಾರೆ ಎಂಬುದೇ ನನಗೆ ಇಂದಿಗೂ ಬೆರಗಿನ ವಿಷಯ.

ಸಾಧಿಸಿದವರು ಸ್ಕಿನ್ನರ್ ಮನೆಯ ಅಣ್ಣತಮ್ಮಂದಿರು, ಜಾರ್ಜ್ ಹರ್ಬರ್ಟ್ ಮತ್ತು ಥಾಮಸ್ ಕಾರ್ಲೈಲ್. ಅವರ ಮನೆತನದ್ದು ಲಂಡನ್ನಿನಲ್ಲಿ ಹೆಸರಾಂತ ಪಾದರಕ್ಷೆಯ ವ್ಯಾಪಾರ. ಅವರ ಮೊದಲ ಕಾರ್ಬ್ಯುರೇಟರುಗಳಲ್ಲಿ ಚಲಿಸುವ ಭಾಗವಾಗಿದ್ದದ್ದು ಚರ್ಮದ ತಿದಿ! 1910ರಲ್ಲಿ ಅಣ್ಣತಮ್ಮಂದಿರು ಕಂಪನಿ ಕಟ್ಟಿದರು, ಸ್ಕಿನ್ನರ್ಸ್ ಯೂನಿಯನ್ ಎಂದು ಹೆಸರಿಟ್ಟರು. ಅದೇ ಎಸ್‌ಯು. ಮುಂದೆ ಚರ್ಮದ ತಿದಿಯ ಜಾಗಕ್ಕೆ ಲೋಹದ ಪಿಸ್ಟನ್ ಬಂತು. 1926ರಲ್ಲಿ ಕಂಪನಿಯನ್ನು ಮಾರಿಸ್ ಕಾರುಗಳ ಒಡೆಯ ವಿಲಿಯಂ ಮಾರಿಸ್ ಕೊಂಡರು. ಎಂಜಿಯೂ ಅವರದೇ ಬಳಗದ್ದಾದ್ದರಿಂದ ಎಂಜಿಗೂ ಎಸ್‌ಯುಗೂ ನಂಟು ಬಿಡಲಾರದಂತೆ ಬೆಸೆಯಿತು.

ಎಸ್‌ಯು ಕೆಲಸ ಮಾಡುವ ಬಗೆ ತಿಳಿದರೆ ಮುಂದಿನದೆಲ್ಲ ಸುಲಭ. ಗಾಳಿ ಹೋಗುವ ದಾರಿಗೆ ಅಡ್ಡವಾಗಿ ಮೇಲಿನಿಂದ ಒಂದು ಪಿಸ್ಟನ್ ಇಳಿದು ಕೂತಿರುತ್ತದೆ. ಅನ್ನ ಕುದಿಯುವಾಗ ಪಾತ್ರೆಯ ಮೇಲಿನ ತಟ್ಟೆ ಆವಿಯ ಒತ್ತಡಕ್ಕೆ ತಕ್ಕಷ್ಟೇ ಮೇಲೇಳುವುದಿಲ್ಲವೇ, ಹಾಗೆ ಎಂಜಿನ್ ಎಷ್ಟು ಗಾಳಿ ಕೇಳುತ್ತದೋ ಅಷ್ಟಕ್ಕೆ ತಕ್ಕಂತೆ ಈ ಪಿಸ್ಟನ್ ಏರುತ್ತದೆ, ಇಳಿಯುತ್ತದೆ. ಅದರ ಅಡಿಗೆ ಒಂದು ಮೊನಚಾದ ಸೂಜಿ ಕಟ್ಟಿದೆ. ಸೂಜಿಯ ತುದಿ ಪೆಟ್ರೋಲ್ ಬರುವ ಜೆಟ್ಟಿನ ತೂತಿನೊಳಗೆ ಇಳಿದಿರುತ್ತದೆ. ಪಿಸ್ಟನ್ ಏರಿದಂತೆ ಸೂಜಿಯ ತೆಳ್ಳಗಿನ ಭಾಗ ತೂತಿಗೆ ಬರುತ್ತದೆ, ಸಂದು ದೊಡ್ಡದಾಗುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ಗಾಳಿಯ ದಾರಿ ತಾನಾಗಿಯೇ ಹಿಗ್ಗಿ ಕುಗ್ಗುವುದರಿಂದ ಜೆಟ್ಟಿನ ಬಾಯಲ್ಲಿ ಎಳೆತ ಸದಾ ಒಂದೇ ಸಮ. ಹಾಗಾಗಿ ಐಡ್ಲಿಂಗಿಗೆ ಬೇರೆ ಜೆಟ್, ಓಟಕ್ಕೆ ಬೇರೆ ಜೆಟ್ ಎಂಬ ತಲೆನೋವಿಲ್ಲ. ಒಂದೇ ಜೆಟ್, ಒಂದೇ ಸೂಜಿ.

ಎದುರು ಪಕ್ಷದಲ್ಲಿ ನಿಲ್ಲುವುದು ಇಟಲಿಯ ವೆಬರ್. ಎಡೊವಾರ್ಡೊ ವೆಬರ್ 1923ರಲ್ಲಿ ಬೊಲೊನ್ಯಾದಲ್ಲಿ ಆರಂಭಿಸಿದ ಕಂಪನಿ. ಅದರ ಡಿಸಿಒಇ ಮಾದರಿಯಲ್ಲಿ ಒಂದೇ ಒಡಲಿಗೆ ಎರಡು ಬಾಯಿ. ಇಲ್ಲಿ ಗಾಳಿಯ ದಾರಿಯ ಅಳತೆ ಬದಲಾಗುವುದಿಲ್ಲ. ಆಯಾ ಎಂಜಿನ್ನಿಗೆ ತಕ್ಕ ವೆಂಚುರಿಯನ್ನು ಆರಿಸಿ ಒಳಗೆ ಕೂರಿಸಬೇಕು. ಅದರ ಜೊತೆಗೆ ಮೇನ್ ಜೆಟ್, ಏರ್ ಜೆಟ್, ಎಮಲ್ಷನ್ ಟ್ಯೂಬ್, ಐಡ್ಲಿಂಗ್ ಜೆಟ್, ಪಂಪ್ ಜೆಟ್. ಪ್ರತಿಯೊಂದನ್ನೂ ಬದಲಿಸಬಹುದು. ರೇಸಿಗೆ ಹೋಗುವವರಿಗೆ ಇದೇ ವರ. 130 ಎಂದು ಬರೆದ ಜೆಟ್ ಎಂದರೆ 1.30 ಮಿಲಿಮೀಟರ್ ತೂತು. ಅಷ್ಟು ನುಣುಪಾಗಿ ಅಳೆದು ಹಾಕಬಹುದು. ಎಕ್ಸಲರೇಟರ್ ತುಳಿದಾಗ ವೆಬರ್ ಹೊರಡಿಸುವ ಆ ಘರ್ಜನೆಯನ್ನು ಕೇಳಿದವರು ಮರೆಯುವುದಿಲ್ಲ. ಅದರ ಆಸೆ ಯಾರಿಗೂ ಆಗಬಹುದು.

ಆದರೂ ಮಾಮೂಲಿ ಎಂಜಿಬಿಗೆ ವೆಬರ್ ಬೇಡ ಎಂದೇ ನನ್ನ ಅಭಿಪ್ರಾಯ. ಕಾರಣ ಆ ಎಂಜಿನ್ನಿನ ಹೆಡ್ಡಿನಲ್ಲಿದೆ. ನಾಲ್ಕು ಸಿಲಿಂಡರುಗಳಿಗೆ ಗಾಳಿ ಒಳಹೋಗಲು ಅಲ್ಲಿ ಇರುವುದು ಎರಡೇ ದಾರಿ. ಒಂದು ಮತ್ತು ಎರಡನೆಯ ಸಿಲಿಂಡರಿಗೆ ಒಂದು, ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಫೈರಿಂಗ್ ಆರ್ಡರ್ ಒಂದು, ಮೂರು, ನಾಲ್ಕು, ಎರಡು. ಅಂದರೆ ಒಂದೇ ದಾರಿಯನ್ನು ಹಂಚಿಕೊಂಡ ಇಬ್ಬರೂ ಒಬ್ಬರ ಬೆನ್ನಿಗೊಬ್ಬರು ಉಸಿರೆಳೆಯುತ್ತಾರೆ, ಒಬ್ಬರ ಪಾಲಿಗೆ ಇನ್ನೊಬ್ಬರು ಕೈಹಾಕುತ್ತಾರೆ. ಆಮೇಲೆ ಒಂದಷ್ಟು ಹೊತ್ತು ಆ ದಾರಿ ಖಾಲಿ. ಈ ಕಟ್ಟು ಇರುವವರೆಗೆ ಬಾಯಿಯನ್ನು ಎಷ್ಟು ದೊಡ್ಡದು ಮಾಡಿದರೂ ಗಂಟಲು ಅಷ್ಟೇ. ಮೊದಲು ಹೆಡ್ ಕೆಲಸ ಮಾಡಿಸಿ, ಕ್ಯಾಮ್ ಬದಲಿಸಿ, ಕಂಪ್ರೆಷನ್ ಏರಿಸಿದವರು 45 ಮಿಲಿಮೀಟರಿನ ಒಂದು ಡಿಸಿಒಇ ಹಾಕಿಸಿಕೊಳ್ಳಲಿ. ಎರಡು ದಾರಿಗೆ ಎರಡು ಬಾಯಿ, ಲೆಕ್ಕ ಸರಿಹೋಗುತ್ತದೆ. ಎಂಜಿನ್ನನ್ನು ಹಾಗೆಯೇ ಬಿಟ್ಟು ಬಾಯಿಯನ್ನಷ್ಟೇ ಹಿಗ್ಗಿಸಿದರೆ ಕಡಿಮೆ ಸುತ್ತಿನಲ್ಲಿ ಗಾಳಿ ನಿಧಾನವಾಗುತ್ತದೆ, ಜೆಟ್ಟಿನಿಂದ ಪೆಟ್ರೋಲನ್ನು ಎಳೆಯುವ ಬಲ ಅದಕ್ಕಿರುವುದಿಲ್ಲ, ಊರೊಳಗಿನ ಓಡಾಟದಲ್ಲಿ ಪಿಕಪ್ ಸಾಯುತ್ತದೆ.

ಹಾಗಾದರೆ ಎಸ್‌ಯುಗಳಲ್ಲೇ ಯಾವುದು? ಮೊದಲ ಎಂಜಿಬಿಗಳಿಗೆ ಬಂದದ್ದು ಜೋಡಿ ಎಚ್‌ಎಸ್4. ಆ ನಾಲ್ಕರ ಲೆಕ್ಕ ಹೀಗೆ: ಒಂದು ಇಂಚಿನ ಮೇಲೆ ಎಂಟರಲ್ಲಿ ನಾಲ್ಕು ಭಾಗ, ಅಂದರೆ ಬಾಯಿಯ ಅಳತೆ ಒಂದೂವರೆ ಇಂಚು. ಟ್ರಯಂಫ್ ಸ್ಪಿಟ್‌ಫೈರ್ ಕಾರಿನ ಎಚ್‌ಎಸ್2 ಒಂದೂಕಾಲು ಇಂಚು. 1970ರ ದಶಕದಲ್ಲಿ ಎಂಜಿಬಿಗೆ ಎಚ್‌ಐಎಫ್4 ಬಂತು. ಇದರಲ್ಲಿ ಪೆಟ್ರೋಲ್ ನಿಲ್ಲುವ ಫ್ಲೋಟ್ ತೊಟ್ಟಿ ಪಕ್ಕಕ್ಕೆ ಜೋತುಬೀಳದೆ ಜೆಟ್ಟಿನ ಸುತ್ತಲೇ ಅಡಿಯಲ್ಲಿ ಕೂತಿರುತ್ತದೆ. ಇದು ಜಾಗ ಉಳಿಸಲು ಮಾಡಿದ್ದಲ್ಲ. ಕಾರು ಜೋರಾಗಿ ತಿರುವು ತೆಗೆದುಕೊಂಡಾಗ, ಬ್ರೇಕ್ ಹಾಕಿದಾಗ ತೊಟ್ಟಿಯ ಪೆಟ್ರೋಲ್ ಒಂದು ಪಕ್ಕಕ್ಕೆ ಎದ್ದು ನಿಲ್ಲುತ್ತದೆ. ತೊಟ್ಟಿ ದೂರದಲ್ಲಿದ್ದಷ್ಟೂ ಜೆಟ್ಟಿನ ಮಟ್ಟ ಏರುಪೇರಾಗುತ್ತದೆ. ಸುತ್ತಲೇ ಇದ್ದರೆ ಆ ಏರುಪೇರು ಕಡಿಮೆ.

ಫ್ಲೋಟ್ ತೊಟ್ಟಿಯ ಈ ದೌರ್ಬಲ್ಯ ಒಮ್ಮೆ ಯುದ್ಧದಲ್ಲಿ ಪ್ರಾಣದ ಪ್ರಶ್ನೆಯಾಗಿತ್ತು. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳ ರೋಲ್ಸ್‌ರಾಯ್ಸ್ ಮರ್ಲಿನ್ ಎಂಜಿನ್ನಿಗೂ ಎಸ್‌ಯು ಕಾರ್ಬ್ಯುರೇಟರ್ ಇತ್ತು. ವಿಮಾನ ದಿಢೀರನೆ ಮೂಗು ತಗ್ಗಿಸಿ ಧುಮುಕಿದಾಗ ಪೆಟ್ರೋಲ್ ತೊಟ್ಟಿಯ ಮೇಲಕ್ಕೆ ಚಿಮ್ಮಿ, ಎಂಜಿನ್ ಮೊದಲು ಪೆಟ್ರೋಲಿಲ್ಲದೆ ಬಿಕ್ಕುತ್ತಿತ್ತು, ಮರುಕ್ಷಣ ಪೆಟ್ರೋಲ್ ನುಗ್ಗಿ ಉಸಿರುಗಟ್ಟುತ್ತಿತ್ತು. ಎದುರಾಳಿ ಜರ್ಮನ್ ವಿಮಾನಗಳಿಗೆ ನೇರ ಇಂಜೆಕ್ಷನ್ ಇದ್ದುದರಿಂದ ಆ ತೊಂದರೆ ಇರಲಿಲ್ಲ. ಅವು ಧುಮುಕಿ ತಪ್ಪಿಸಿಕೊಳ್ಳುತ್ತಿದ್ದವು. 1941ರಲ್ಲಿ ಇದಕ್ಕೆ ಮೊದಲ ಪರಿಹಾರ ಕೊಟ್ಟವರು ಫಾರ್ನ್‌ಬರೋ ಸಂಶೋಧನಾಲಯದ ಎಂಜಿನಿಯರ್ ಬಿಯಾಟ್ರಿಸ್ ಶಿಲ್ಲಿಂಗ್. ಎಂಜಿನ್ನಿಗೆ ಗರಿಷ್ಠ ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನೇ ಬಿಡುವ ತೂತಿರುವ ಒಂದು ಸಣ್ಣ ಲೋಹದ ತುಂಡನ್ನು ಅವರು ಪೆಟ್ರೋಲಿನ ದಾರಿಯಲ್ಲಿ ಇಟ್ಟರು. ಪೆಟ್ರೋಲ್ ನುಗ್ಗಿ ಎಂಜಿನ್ ನಿಲ್ಲುವುದು ತಪ್ಪಿತು. ವಿಮಾನವನ್ನು ಯುದ್ಧದಿಂದ ಹಿಂದಕ್ಕೆ ಕರೆಸಿಕೊಳ್ಳದೆ ಅಲ್ಲಲ್ಲೇ ಹಾಕಬಹುದಾದ ತುಂಡು ಅದು. ಈ ಶಿಲ್ಲಿಂಗ್ ಅವರು ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ನಾರ್ಟನ್ ಬೈಕನ್ನು ಗಂಟೆಗೆ ನೂರು ಮೈಲಿಗೂ ಮೀರಿ ಓಡಿಸಿ ಗೋಲ್ಡ್ ಸ್ಟಾರ್ ಪಡೆದವರು. ಇಂಥವರ ಹೆಸರು ನಮ್ಮ ಎಂಜಿನಿಯರಿಂಗ್ ಕಾಲೇಜಿನ ಹುಡುಗಿಯರಿಗೆ ತಿಳಿದಿರಬೇಕು ಎಂದು ನನ್ನ ಆಸೆ. ಅದಕ್ಕಾಗಿ ದಾರಿ ಬಿಟ್ಟು ಇಷ್ಟು ಹೇಳಿದೆ.

ಮತ್ತೆ ಎಂಜಿಬಿಗೆ ಬರೋಣ. ಕೆಲವರು ಜೋಡಿಯನ್ನು ತೆಗೆದು 44 ಮಿಲಿಮೀಟರಿನ ಒಂದೇ ದೊಡ್ಡ ಎಚ್‌ಐಎಫ್44 ಹಾಕುತ್ತಾರೆ. ದಿನವೂ ಓಡಿಸುವವರಿಗೆ ಅದು ಒಳ್ಳೆಯ ಆಯ್ಕೆಯೇ. ಎರಡನ್ನು ಸಮ ಮಾಡುವ ಕೆಲಸ ಇರುವುದಿಲ್ಲ. 1975ರಿಂದ ಅಮೆರಿಕಕ್ಕೆ ಹೋದ ಎಂಜಿಬಿಗಳಿಗೆ ಕಾರ್ಖಾನೆಯೇ ಒಂದು ಜೆನಿತ್-ಸ್ಟ್ರಾಂಬರ್ಗ್ ಹಾಕಿತ್ತು. ತತ್ವ ಎಸ್‌ಯುದೇ, ಆದರೆ ಪಿಸ್ಟನ್ನಿಗೆ ರಬ್ಬರ್ ಡಯಾಫ್ರಮ್. ಅದು ಹರಿದರೆ ಕಾರು ಎಳೆಯುವುದೇ ಇಲ್ಲ. ಆ ಕಾರು ಕೊಂಡವರು ಜೋಡಿ ಎಸ್‌ಯುಗೆ ಮರಳುವುದನ್ನು ನಾನು ಒಪ್ಪುತ್ತೇನೆ. ಉಳಿದವರಿಗೆ ನನ್ನ ಮಾತು ಇಷ್ಟೇ: ಕಾರಿನ ಜೊತೆಗೇ ಬಂದ ಜೋಡಿಯನ್ನು ಬಿಸಾಡಬೇಡಿ, ಅದನ್ನು ಹೊಸದರಂತೆ ಮಾಡಿಸಿ. ಇಂಗ್ಲೆಂಡಿನ ಸಾಲ್ಸ್‌ಬರಿಯ ಬರ್ಲೆನ್ ಸಂಸ್ಥೆ ಇವತ್ತಿಗೂ ಎಸ್‌ಯು ಹೆಸರಿನಲ್ಲೇ ಕಾರ್ಬ್ಯುರೇಟರುಗಳನ್ನೂ ಬಿಡಿಭಾಗಗಳನ್ನೂ ತಯಾರಿಸುತ್ತಿದೆ.

ಮಾಡಿಸುವುದು ಎಂದರೆ ಮುಖ್ಯವಾಗಿ ಥ್ರಾಟಲ್ ಸ್ಪಿಂಡಲ್. ಎಕ್ಸಲರೇಟರ್ ತುಳಿದಾಗಲೆಲ್ಲ ತಿರುಗುವ ಆ ಕಡ್ಡಿ ವರ್ಷಗಳಲ್ಲಿ ಸವೆದು ಆಡತೊಡಗುತ್ತದೆ. ಸವೆದ ಸಂದಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಅಂಥ ಕಾರ್ಬ್ಯುರೇಟರನ್ನು ಯಾವ ಮೆಕ್ಯಾನಿಕ್ಕೂ ಟ್ಯೂನ್ ಮಾಡಲಾರ. ಇವತ್ತು ಸರಿ ಅನಿಸಿದ ಐಡ್ಲಿಂಗ್ ನಾಳೆ ಇರುವುದಿಲ್ಲ. ಇನ್ನೊಂದು ಮಾತು, ಎರಡು ಕಾರ್ಬ್ಯುರೇಟರನ್ನು ಒಟ್ಟಿಗೆ ಬಿಚ್ಚಿದಾಗ ಒಂದರ ಪಿಸ್ಟನ್ನನ್ನು ಇನ್ನೊಂದರ ಗುಮ್ಮಟಕ್ಕೆ, ಅಂದರೆ ಪಿಸ್ಟನ್ ಆಡುವ ಮೇಲಿನ ಚಿಪ್ಪಿಗೆ, ಹಾಕಬೇಡಿ. ಕಾರ್ಖಾನೆಯಲ್ಲಿ ಅಳತೆ ಹೊಂದಿಸಿ ಜೊತೆ ಮಾಡಿದ ಭಾಗಗಳು ಅವು.

ಈಗ ಟ್ಯೂನಿಂಗ್. ಕಾರ್ಬ್ಯುರೇಟರನ್ನು ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಟ್ಯಾಪೆಟ್, ಎಂಜಿಬಿಯಲ್ಲಿ 15 ಥೌ, ಅಂದರೆ ಇಂಚಿನ ಸಾವಿರದಲ್ಲಿ ಹದಿನೈದು ಭಾಗ. ಆಮೇಲೆ ಪ್ಲಗ್, ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಸಂದು, ಟೈಮಿಂಗ್. ಕಾರ್ಬ್ಯುರೇಟರಿನ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ಈ ಹಂತದಲ್ಲೇ ಮುಗಿದುಹೋಗುತ್ತವೆ. ಕರಕಲಾದ ಪಾಯಿಂಟನ್ನು ಹಾಗೇ ಬಿಟ್ಟು ಜೆಟ್ಟಿನ ನಟ್ಟು ತಿರುಗಿಸುವವರ ಕೈಗೆ ಒಳ್ಳೆಯ ಕಾರು ಸಿಕ್ಕಿ ಹಾಳಾದುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ನಿಲ್ಲಿಸಿ, ಏರ್ ಫಿಲ್ಟರುಗಳನ್ನು ತೆಗೆಯಿರಿ. ಬೆರಳಿನಿಂದ ಒಂದೊಂದೇ ಪಿಸ್ಟನ್ನನ್ನು ಮೇಲೆತ್ತಿ ಬಿಡಿ. ಅದು ತಡೆಯಿಲ್ಲದೆ ಇಳಿದು ತಳಕ್ಕೆ 'ಟಕ್' ಎಂದು ಸ್ಪಷ್ಟವಾಗಿ ಕೂರಬೇಕು. ಆ ಟಕ್ ಕೇಳಿಸದಿದ್ದರೆ, ಪಿಸ್ಟನ್ ಕೊಳೆಯಾಗಿದೆ, ಇಲ್ಲವೇ ಸೂಜಿ ಜೆಟ್ಟಿನ ಗೋಡೆಗೆ ತಾಗುತ್ತಿದೆ. ಹಳೆಯ ಎಚ್‌ಎಸ್ ಮಾದರಿಯಾದರೆ ಜೆಟ್ಟನ್ನು ಸಡಿಲಿಸಿ ನಡುವಿಗೆ ತರಬೇಕು. ಗುಮ್ಮಟದ ಮೇಲಿನ ಮುಚ್ಚಳ ಬಿಚ್ಚಿ ಎಣ್ಣೆ ನೋಡಿ. ಇಪ್ಪತ್ತರ ಗ್ರೇಡಿನ ಎಣ್ಣೆ ಸಾಕು. ಎಕ್ಸಲರೇಟರ್ ಒಮ್ಮೆಲೇ ತುಳಿದಾಗ ಪಿಸ್ಟನ್ ಸರ್ರನೆ ಹಾರದಂತೆ ತಡೆದು, ಒಂದು ಗಳಿಗೆ ಪೆಟ್ರೋಲ್ ಹೆಚ್ಚು ಬರುವಂತೆ ಮಾಡುವುದು ಈ ಎಣ್ಣೆಯೇ. ಎಣ್ಣೆ ಒಣಗಿದ್ದರೆ ಹೊರಡುವಾಗ ಕಾರು ಮುಗ್ಗರಿಸುತ್ತದೆ.

ನಂತರ ಎರಡೂ ಥ್ರಾಟಲ್ಲುಗಳನ್ನು ಕೂಡಿಸುವ ಕಡ್ಡಿಯ ಕ್ಲಿಪ್ಪುಗಳನ್ನು ಸಡಿಲಿಸಿ, ಎರಡನ್ನೂ ಬೇರೆ ಮಾಡಿ. ಎಂಜಿನ್ ಚಾಲೂ ಮಾಡಿ. ಒಂದು ರಬ್ಬರ್ ಟ್ಯೂಬ್ ತೆಗೆದುಕೊಳ್ಳಿ. ಒಂದು ತುದಿ ಕಿವಿಯ ಹತ್ತಿರ, ಇನ್ನೊಂದು ತುದಿ ಮೊದಲ ಕಾರ್ಬ್ಯುರೇಟರಿನ ಬಾಯಿಯ ಹತ್ತಿರ. 'ಸ್‌ಸ್‌ಸ್' ಎಂಬ ಸದ್ದು. ಅದೇ ಜಾಗಕ್ಕೆ ಎರಡನೆಯದರಲ್ಲಿ ಹಿಡಿಯಿರಿ. ಒಂದರ ಸದ್ದು ಗಟ್ಟಿ, ಇನ್ನೊಂದರದು ತೆಳುವಾಗಿದ್ದರೆ ಐಡ್ಲಿಂಗ್ ಸ್ಕ್ರೂಗಳನ್ನು ತಿರುಗಿಸಿ ಎರಡನ್ನೂ ಒಂದೇ ಶ್ರುತಿಗೆ ತನ್ನಿ. ಗಾಳಿ ಅಳೆಯುವ ಮೀಟರು ಸಿಗುತ್ತದೆ, ಇದ್ದರೆ ಒಳ್ಳೆಯದು. ಆದರೆ ತಂಬೂರಿಯ ತಂತಿ ಒಂದು ಕೂದಲೆಳೆಯಷ್ಟು ತಪ್ಪಿದರೂ ಹಿಡಿಯುವ ಕಿವಿ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ!

ಗಾಳಿ ಸಮವಾದ ಮೇಲೆ ಪೆಟ್ರೋಲ್. ಎಚ್‌ಎಸ್ ಮಾದರಿಯಲ್ಲಿ ಜೆಟ್ಟಿನ ಅಡಿಗೆ ಆರು ಮುಖದ ಒಂದು ನಟ್ಟು ಇದೆ. ಪೂರ್ತಿ ಮೇಲಕ್ಕೆ ತಿರುಗಿಸಿ, ಅಲ್ಲಿಂದ ಎರಡು ಸುತ್ತು, ಅಂದರೆ ಹನ್ನೆರಡು ಮುಖದಷ್ಟು ಕೆಳಗೆ ತನ್ನಿ. ಅದು ಆರಂಭದ ಅಂದಾಜು. ಕೆಳಗೆ ಹೋದಂತೆ ಮಿಕ್ಸ್ಚರ್ ರಿಚ್, ಅಂದರೆ ಪೆಟ್ರೋಲ್ ಹೆಚ್ಚು; ಮೇಲೆ ಬಂದಂತೆ ಲೀನ್, ಅಂದರೆ ಪೆಟ್ರೋಲ್ ಕಡಿಮೆ. ಒಂದು ಸಲಕ್ಕೆ ಒಂದು ಮುಖ ಮಾತ್ರ, ಎರಡರಲ್ಲೂ ಸಮನಾಗಿ. ಈಗ ಸೈಲೆನ್ಸರಿನ ಕಡೆ ಕಿವಿ ಕೊಡಿ. ಲೀನ್ ಆಗಿದ್ದರೆ ಮಿಸ್ಸಿಂಗ್‌ಗೆ ತಾಳವೇ ಇರುವುದಿಲ್ಲ, ಅಲ್ಲೊಂದು ಇಲ್ಲೊಂದು ನೀರೆರಚಿದಂತೆ ಸದ್ದು; ಹೊಗೆಗೆ ಬಣ್ಣವಿಲ್ಲ. ರಿಚ್ ಆಗಿದ್ದರೆ ಮಿಸ್ಸಿಂಗ್ ಲಯಬದ್ಧ, ಹೊಗೆ ಕಪ್ಪು. ಎರಡರ ನಡುವೆ ಎಂಜಿನ್ ಒಂದೇ ಸಮನೆ ಓಡುವ ಜಾಗ ಸಿಗುತ್ತದೆ.

ಅದನ್ನು ಖಚಿತ ಮಾಡಿಕೊಳ್ಳಲು ಸ್ಕಿನ್ನರ್ ಅವರ ಕಾರ್ಬ್ಯುರೇಟರಿನಲ್ಲಿ ಒಂದು ಸಣ್ಣ ಪಿನ್ನಿದೆ. ಅದನ್ನು ಒತ್ತಿ ಪಿಸ್ಟನ್ನನ್ನು ಒಂದು ಮಿಲಿಮೀಟರಿಗೂ ಕಡಿಮೆ ಎತ್ತಿ. ಎಂಜಿನ್ನಿನ ವೇಗ ಏರಿ ಏರಿದಲ್ಲೇ ನಿಂತರೆ ಆ ಕಾರ್ಬ್ಯುರೇಟರ್ ರಿಚ್. ಕೂಡಲೇ ಕುಸಿದು ನಿಲ್ಲುವ ಹಾಗಾದರೆ ಲೀನ್. ಒಂದು ಕ್ಷಣ ತುಸು ಏರಿ ಮತ್ತೆ ತನ್ನ ಜಾಗಕ್ಕೆ ಇಳಿದರೆ ಹದ ಸರಿಯಾಗಿದೆ. ಒಂದನ್ನು ಸರಿಮಾಡಿದಾಗ ಇನ್ನೊಂದು ತುಸು ಕದಲುತ್ತದೆ, ಏಕೆಂದರೆ ಎರಡೂ ದಾರಿಗಳನ್ನು ಮ್ಯಾನಿಫೋಲ್ಡಿನಲ್ಲಿ ಒಂದು ಪೈಪು ಕೂಡಿಸಿದೆ. ಹಾಗಾಗಿ ಹಿಂದಕ್ಕೂ ಮುಂದಕ್ಕೂ ಹೋಗಿಬರಬೇಕು. ಕೊನೆಗೆ ಕ್ಲಿಪ್ಪುಗಳನ್ನು ಬಿಗಿದು, ಎಕ್ಸಲರೇಟರ್ ತುಳಿದಾಗ ಎರಡೂ ಬಾಗಿಲು ಒಂದೇ ಗಳಿಗೆಯಲ್ಲಿ ತೆರೆಯುತ್ತವೆಯೇ ನೋಡಿ. ಐಡ್ಲಿಂಗಿನಲ್ಲಿ ಎಷ್ಟೇ ಚೆನ್ನಾಗಿ ಸಮ ಮಾಡಿದ್ದರೂ ತುಳಿತದಲ್ಲಿ ಒಂದು ಮುಂದು ಒಂದು ಹಿಂದು ಆದರೆ ಮಾಡಿದ್ದೆಲ್ಲ ನೀರುಪಾಲು.

ಇಷ್ಟೆಲ್ಲ ಮಾಡಿಯೂ ಕಾರು ಐಡ್ಲಿಂಗಿನಲ್ಲಿ ಸೊಗಸಾಗಿದ್ದು, ಹೆದ್ದಾರಿಯಲ್ಲಿ ಏರು ಹತ್ತುವಾಗ ಬಿಕ್ಕಿದರೆ? ಆಗ ದೋಷ ನಟ್ಟಿನದಲ್ಲ, ಸೂಜಿಯದು. ಪಿಸ್ಟನ್ ಮೇಲೆದ್ದಾಗ ಎಷ್ಟು ಪೆಟ್ರೋಲ್ ಬರಬೇಕೆಂದು ತೀರ್ಮಾನಿಸುವುದು ಸೂಜಿಯ ಇಳಿಜಾರು. ಎಸ್‌ಯು ಸೂಜಿಗಳಲ್ಲಿ ನೂರಾರು ಬಗೆಗಳಿವೆ. ಇಂಚಿನ ಎಂಟನೇ ಒಂದು ಭಾಗಕ್ಕೊಮ್ಮೆ ದಪ್ಪವನ್ನು ಅಳೆದು ಅವುಗಳ ಪಟ್ಟಿಯನ್ನೇ ಅಚ್ಚು ಹಾಕಿದ್ದಾರೆ. ಏರ್ ಫಿಲ್ಟರ್, ಸೈಲೆನ್ಸರ್, ಕ್ಯಾಮ್, ಇವುಗಳಲ್ಲಿ ಯಾವುದನ್ನು ಬದಲಿಸಿದ್ದರೂ ಸೂಜಿಯ ವಿಚಾರ ಮಾಡಲೇಬೇಕು. ಇಲ್ಲಿ ಮಾತ್ರ ಕಿವಿ ಸಾಲದು. ಸೈಲೆನ್ಸರಿಗೆ ಆಕ್ಸಿಜನ್ ಸೆನ್ಸರ್ ಇಟ್ಟು, ರೋಲರುಗಳ ಮೇಲೆ ಕಾರನ್ನು ಓಡಿಸಿ ಅಳೆಯುವವರ ಹತ್ತಿರ ಹೋಗುವುದೇ ಸರಿ.

ಇನ್ನು ನಮ್ಮ ನೆಲದ ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿಯ ಗಾಳಿ ಕಡಲ ತೀರದ ಗಾಳಿಗಿಂತ ನೂರಕ್ಕೆ ಎಂಟು ಒಂಬತ್ತರಷ್ಟು ತೆಳು. ಅದರ ಅರ್ಧದಷ್ಟು, ಅಂದರೆ ನೂರಕ್ಕೆ ನಾಲ್ಕರಷ್ಟು, ಮಿಕ್ಸ್ಚರ್ ತಾನಾಗಿಯೇ ರಿಚ್ ಆಗುತ್ತದೆ. ಇನ್ನೊಂದು ಕಡೆ, 2023ರ ಫೆಬ್ರುವರಿಯಲ್ಲಿ ಇದೇ ಬೆಂಗಳೂರಿನಲ್ಲಿ, ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ಎಥನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದು ಮಿಕ್ಸ್ಚರನ್ನು ಲೀನ್ ಮಾಡುತ್ತದೆ, ಸುಮಾರು ನೂರಕ್ಕೆ ಎಂಟರಷ್ಟು. ಬೆಂಗಳೂರಿನ ಎತ್ತರ ಆ ನಷ್ಟದ ಅರ್ಧವನ್ನು ತುಂಬಿಕೊಡುತ್ತದೆ. ಮಂಗಳೂರಿನಲ್ಲಿ, ಕಾರವಾರದಲ್ಲಿ ಹಳೆಯ ಕಾರು ಇಟ್ಟುಕೊಂಡವರಿಗೆ ಆ ನೆರವೂ ಇಲ್ಲ. ಅವರು ಜೆಟ್ಟಿನ ನಟ್ಟನ್ನು ಕೆಳಗಿಳಿಸಿ ಐಡ್ಲಿಂಗ್ ಸರಿಪಡಿಸಿಕೊಂಡರೆ ಸಾಲದು, ತುಸು ತೆಳ್ಳಗಿನ ಸೂಜಿಯನ್ನೇ ಹಾಕಿಸಬೇಕಾದೀತು. ಲೀನ್ ಮಿಕ್ಸ್ಚರಿನಲ್ಲಿ ಘಟ್ಟ ಹತ್ತಿಸಿದರೆ ಎಕ್ಸಾಸ್ಟ್ ವಾಲ್ವ್ ಸುಡುತ್ತದೆ.

ಇಂಗ್ಲೆಂಡಿನಲ್ಲಿರುವ ಕನ್ನಡಿಗರು ಯಾರಾದರೂ ಎಂಜಿಬಿ ಇಟ್ಟುಕೊಂಡಿದ್ದರೆ ಅವರಿಗೂ ಒಂದು ಮಾತು. ಅಲ್ಲಿ 2021ರ ಸೆಪ್ಟೆಂಬರಿನಿಂದ ಮಾಮೂಲಿ ಪೆಟ್ರೋಲ್ ಇ10. ಹಳೆಯ ಕಾರಿಗೆ ಸೂಪರ್ ದರ್ಜೆಯ ಪೆಟ್ರೋಲೇ ಮೇಲು. ಇಲ್ಲಿರಲಿ ಅಲ್ಲಿರಲಿ, ಹಳೆಯ ರಬ್ಬರ್ ಪೈಪುಗಳನ್ನು ಎಥನಾಲ್ ತಿನ್ನುತ್ತದೆ. ಜೋಡಿ ಎಸ್‌ಯುವಿನ ಪೈಪುಗಳು ಬಿಸಿಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನೇರ ಮೇಲೆಯೇ ಹಾದುಹೋಗುತ್ತವೆ. ಟ್ಯೂನಿಂಗಿಗೆ ಕೂರುವ ಮೊದಲು ಅವನ್ನು ಬೆರಳಲ್ಲಿ ಒತ್ತಿ ನೋಡಿ. ಬಿರುಕು ಕಂಡರೆ, ಮೆತ್ತಗಾಗಿದ್ದರೆ, ಅವತ್ತೇ ಎಥನಾಲ್ ತಡೆಯುವ ಪೈಪು ಹಾಕಿಸಿ. ಸ್ಪ್ಯಾನರ್ ಹಿಡಿಯುವುದು ಅದಾದ ಮೇಲೆ.